ಹಳೇ ಗೇಟಿನಿಂದ ಎಣಿಸಿದರೆ

ಸೈಟಕ್ಕ ನೆಲವನ್ನು ಕಾಲಿನಲ್ಲೇ ಅಳೆಯುತ್ತಿದ್ದಳು. ಅವಳ ಒಂದು ಹೆಜ್ಜೆ ಎಂದರೆ ಎರಡೂವರೆ ಅಡಿ. ಅದರಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲವೆಂದು ಬಡಾವಣೆಯಲ್ಲೆಲ್ಲ ಮಾತಿತ್ತು. ಅಗಲಕ್ಕೆ ಹನ್ನೆರಡು, ಉದ್ದಕ್ಕೆ ಹದಿನಾರು ಹೆಜ್ಜೆ ಹಾಕಿ, ಚಪ್ಪಲಿಯ ತುದಿಯಿಂದ ಮಣ್ಣಿನಲ್ಲೊಂದು ಗೆರೆ ಎಳೆದು, "ಇಲ್ಲಿಂದ ಇಲ್ಲಿಗೆ ನಿಮ್ಮದು" ಎಂದರೆ ಮುಗಿಯಿತು. ಟೇಪು ತಂದಿದ್ದ ಗಂಡಸರು ಒಂದು ಸಲ ಅಳೆದು ನೋಡಿ, ಪೆಚ್ಚುನಗೆ ನಕ್ಕು, ಟೇಪನ್ನು ಜೇಬಿಗೆ ಸೇರಿಸುತ್ತಿದ್ದರು. ಹದಿನೆಂಟು ವರ್ಷ ಹೀಗೆ ಸೈಟು ತೋರಿಸಿ, ಮಾರಿಸಿಯೇ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಳು. ತಮ್ಮನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡಿದ್ದಳು. ಅವಳ ನಿಜವಾದ ಹೆಸರು ಪೋಸ್ಟ್‌ಮ್ಯಾನಿಗೆ ಮಾತ್ರ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಎಂಟು ಗಂಟೆಗೇ ಅವಳು ಬಡಾವಣೆಯ ಮೂರನೇ ಸಾಲಿಗೆ ಹೋದಳು. ರಸ್ತೆಗೆ ಡಾಂಬರು ಹಾಕುವ ಮುಂಚೆ ನಗರಸಭೆಯ ಅಳತೆಯವರು ಹೊಸದಾಗಿ ಗಡಿಕಲ್ಲು ನೆಡುತ್ತಿದ್ದರು. ಕನ್ನಡಕದಂಗಡಿಯ ಯಜಮಾನರು ತಮ್ಮ ಮೂವತ್ತಮೂರನೇ ನಂಬರಿನ ಸೈಟನ್ನು ಮಾರಿಕೊಡಲು ಅವಳಿಗೆ ಒಪ್ಪಿಸಿದ್ದರು. ಸಂಜೆ ನಾಲ್ಕಕ್ಕೆ ಅದನ್ನು ನೋಡಲು ಜನ ಬರುವವರಿದ್ದರು. ಕಲ್ಲು ನೆಟ್ಟದ್ದನ್ನು ಕಣ್ಣಾರೆ ಕಂಡರೆ ತೋರಿಸಲು ಸುಲಭ ಎಂದುಕೊಂಡು ಅವಳು ನೇರವಾಗಿ ನೀರಿನ ಟ್ಯಾಂಕಿನ ಕಡೆಯ ಬಯಲಿಗೆ ನಡೆದಳು.

"ಅಕ್ಕಾ, ಅತ್ಲಾಗೆ ಎಲ್ಲಿಗೆ?" ಅಳತೆಯವರು ಹಿಂದಿನಿಂದ ಕೂಗಿದರು. "ಮೂವತ್ತಮೂರು ಇಲ್ಲಿದೆ ನೋಡಿ, ಮರದ ಹತ್ರ."

ಸೈಟಕ್ಕ ನಕ್ಕಳು. "ಬೆಳಬೆಳಿಗ್ಗೆ ತಮಾಷೆ ಮಾಡ್ತೀರಾ? ಅದು ನರ್ಸಮ್ಮನ ಸೈಟು. ಇಪ್ಪತ್ತೆಂಟು."

ಅಳತೆಯವರು ನಗಲಿಲ್ಲ. ನಕ್ಷೆಯನ್ನು ಬೈಕಿನ ಸೀಟಿನ ಮೇಲೆ ಹರಡಿದರು. ಗಾಳಿಗೆ ಹಾರದಂತೆ ಒಂದು ತುದಿಗೆ ಕಲ್ಲು, ಇನ್ನೊಂದು ತುದಿಗೆ ತಮ್ಮ ಟಿಫಿನ್ ಡಬ್ಬಿ ಇಟ್ಟರು. ಮೂರನೇ ಸಾಲಿನಲ್ಲಿ ಹನ್ನೆರಡು ಸೈಟು. ಇಪ್ಪತ್ತೈದರಿಂದ ಮೂವತ್ತಾರು. ಎಣಿಕೆ ಶುರುವಾಗುವುದು ನೀರಿನ ಟ್ಯಾಂಕಿನ ಕಡೆಯಿಂದ, ಹಳೇ ಗೇಟು ಇದ್ದ ಕಡೆಯಿಂದ.

ಹಳೇ ಗೇಟು! ಸೈಟಕ್ಕ ಟ್ಯಾಂಕಿನ ಕಡೆಗೊಮ್ಮೆ, ಹೆದ್ದಾರಿಯ ಕಡೆಗೊಮ್ಮೆ ನೋಡಿದಳು. ಎಂಟು ವರ್ಷದ ಹಿಂದೆ, ಊರು ಹೆದ್ದಾರಿಯ ಕಡೆಗೇ ಬೆಳೆಯುತ್ತದೆಂದು ಎಲ್ಲರೂ ನಂಬಿದ್ದಾಗ, ಬಡಾವಣೆ ಮಾಡಿದವರು ಟ್ಯಾಂಕಿನ ಕಡೆಯ ಗೇಟಿಗೆ ಗೋಡೆ ಕಟ್ಟಿ, ಹೆದ್ದಾರಿಯ ಕಡೆ ಕಮಾನಿನ ಹೊಸ ಗೇಟು ನಿಲ್ಲಿಸಿದ್ದರು. ಅದೇ ಹೊತ್ತಿಗೆ ಜೆಸಿಬಿ ಓಡಾಡಿ ಮೂರನೆಯ ಮತ್ತು ನಾಲ್ಕನೆಯ ಸಾಲಿನ ಕಲ್ಲುಗಳೆಲ್ಲ ಮಣ್ಣುಪಾಲಾಗಿದ್ದವು. ಅದಾದ ವರ್ಷಕ್ಕೆ ಅವಳು ನರ್ಸಮ್ಮನನ್ನು ಕರೆತಂದಿದ್ದಳು. ಗೇಟಿನಿಂದ ನಾಲ್ಕನೆಯದು ಎಂದು ನಕ್ಷೆ ಹೇಳಿತ್ತು; ಎದುರಿಗಿದ್ದ ಹೊಸ ಗೇಟಿನಿಂದ ನಾಲ್ಕನೆಯದಕ್ಕೇ ಹೆಜ್ಜೆ ಹಾಕಿದ್ದಳು. ಹೆಜ್ಜೆ ಒಂದಿಂಚೂ ತಪ್ಪಿರಲಿಲ್ಲ. ಗೇಟೇ ತಪ್ಪಿತ್ತು.

ಅಳತೆಯವರಿಗೆ ಅರ್ಥವಾಯಿತು. ಅವರ ಕೆಲಸದವರಿಬ್ಬರು ಹತ್ತಿರದಲ್ಲೇ ಗುಂಡಿ ತೋಡುತ್ತಿದ್ದರು. ಅವರಿಗೆ ಕೇಳಿಸದಂತೆ ದನಿ ತಗ್ಗಿಸಿ, "ಮರದ ಬುಡದ ಕಲ್ಲು ಸಂಜೆ ನೆಡ್ತೀನಿ ಬಿಡಿ, ಅಲ್ಲೀತನಕ ಬೇರೆ ಸಾಲು ನೋಡ್ಕೋತೀನಿ," ಎಂದರು. ಟಿಫಿನ್ ಡಬ್ಬಿ ಎತ್ತಿಕೊಂಡು ನಕ್ಷೆ ಮಡಚಿದರು. ಅಷ್ಟೇ. ತಪ್ಪು ಎಂಬ ಮಾತನ್ನೇ ಅವರು ಎತ್ತಲಿಲ್ಲ. ಸೈಟಕ್ಕನಿಗೆ ಅದಕ್ಕೇ ಅಳು ಬರುವಂತಾಯಿತು.

ಅವಳು ಮರದ ಕೆಳಗೆ ಬಂದು ನಿಂತಳು. ಏಳು ವರ್ಷದ ಬಾದಾಮಿ ಮರ. ಕೊಡೆಯ ಮೇಲೆ ಕೊಡೆ ಬಿಚ್ಚಿಟ್ಟಂತೆ ಅಂತಸ್ತು ಅಂತಸ್ತಾಗಿ ಹರಡಿಕೊಂಡಿತ್ತು. ನೆಟ್ಟ ಕಾಲಕ್ಕೆ ಇಲ್ಲಿ ಒಂದು ನಲ್ಲಿಯೂ ಇರಲಿಲ್ಲ. ನರ್ಸಮ್ಮ ಆಸ್ಪತ್ರೆಯಲ್ಲಿ ಕೇಳಿ, ಬಿಸಾಡುವ ಸಲೈನ್ ಬಾಟಲಿಗಳನ್ನು ತಂದು, ತೊಳೆದು, ನೀರು ತುಂಬಿ, ಕೋಲಿಗೆ ತಲೆಕೆಳಗಾಗಿ ನೇತು ಹಾಕುತ್ತಿದ್ದಳು. ಹನಿ ಹನಿಯಾಗಿ ಇಡೀ ದಿನ ಬುಡಕ್ಕೆ ನೀರು. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬಂದು ಬಾಟಲಿ ಬದಲಿಸಿ ಹೋಗುವವಳನ್ನು ನೋಡಿ, "ರೋಗಿ ಹೇಗಿದ್ದಾರೆ?" ಎಂದು ದಾರಿಹೋಕರು ರೇಗಿಸುತ್ತಿದ್ದರು. ಈಗ ಶಾಲೆಯ ವ್ಯಾನು ನಿಲ್ಲುವುದು ಅದರ ನೆರಳಿನಲ್ಲಿ, ತರಕಾರಿ ಗಾಡಿ ನಿಲ್ಲುವುದು ಅದರ ನೆರಳಿನಲ್ಲಿ. ವಿಳಾಸ ಕೇಳಿದರೆ ಜನ ಹೇಳುವುದೇ "ನರ್ಸ್ ಮರದ ಹತ್ರ" ಎಂದು.

ನರ್ಸಮ್ಮ ಹೋದ ತಿಂಗಳು ನಿವೃತ್ತಳಾಗಿದ್ದಳು. ಕ್ವಾರ್ಟರ್ಸ್ ಬಿಡಬೇಕು. ನಾಳೆ ಬೆಳಿಗ್ಗೆ ಮೇಸ್ತ್ರಿ ಬಂದು ಇಲ್ಲಿ ಪಾಯ ಅಗೆಯುವವನಿದ್ದ. ಇನ್ನೊಬ್ಬರ ನೆಲದಲ್ಲಿ.

ಅಂಗಡಿಗೆ ಹಿಂತಿರುಗಿದರೂ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಡತ ತೆಗೆದಳು, ಮುಚ್ಚಿದಳು. ಮೂರು ಮತ್ತು ನಾಲ್ಕನೇ ಸಾಲಿನಲ್ಲಿ, ಗೇಟು ಬದಲಾದ ಮೇಲೆ, ಕಲ್ಲಿಲ್ಲದೆ ತಾನು ತೋರಿಸಿದ ಸೈಟುಗಳೆಷ್ಟು? ಬೆರಳು ಮಡಚಿದಳು. ಏಳು. ಪುಣ್ಯಕ್ಕೆ ಒಬ್ಬರೂ ಮನೆ ಕಟ್ಟಿರಲಿಲ್ಲ. ಬೆಲೆ ಏರಲಿ ಎಂದು ಕಾಯುತ್ತ ಕೂತವರು. ಇವತ್ತು ಒಬ್ಬರಿಗೆ ತಿಳಿದರೆ ನಾಳೆ ಏಳೂ ಜನ ಬಾಗಿಲಲ್ಲಿ. ನಾಡಿದ್ದು, ತಾನು ಸರಿಯಾಗಿ ತೋರಿಸಿಕೊಟ್ಟ ಸೈಟಿನವರೂ ಟೇಪು ಹಿಡಿದು ಬಾಗಿಲಲ್ಲಿ. ಆಮೇಲೆ ಸೈಟಕ್ಕನ ಹೆಜ್ಜೆಯನ್ನು ನಂಬುವವರು ಯಾರು?

"ಏನಕ್ಕಾ, ಕುರ್ಚಿಯಲ್ಲಿ ಮುಳ್ಳಿದ್ಯಾ?" ಎಂದ ತಮ್ಮ, ಯಂತ್ರಕ್ಕೆ ಹಾಳೆ ತುಂಬುತ್ತ.

ಅಷ್ಟರಲ್ಲಿ ಸೂಟ್‌ಕೇಸ್ ಬಂದ. ಅವನೂ ಸೈಟು ಮಾರಿಸುವವನೇ. ಸೂಟ್‌ಕೇಸಿನಲ್ಲಿ ಒಂದು ಬಾಚಣಿಗೆ, ಒಂದು ವೃತ್ತಪತ್ರಿಕೆ ಬಿಟ್ಟರೆ ಏನೂ ಇರುವುದಿಲ್ಲವೆಂದು ಎಲ್ಲರಿಗೂ ಗೊತ್ತಿದ್ದರೂ ಅದಿಲ್ಲದೆ ಅವನು ಹೊರಬೀಳುತ್ತಿರಲಿಲ್ಲ. ಅವಳ ಮುಖ ನೋಡಿದವನೇ ಕುರ್ಚಿ ಎಳೆದುಕೊಂಡು ಕೂತ. ಅವಳು ಬಾಯಿ ಬಿಟ್ಟಳು. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತಿತ್ತು.

ಅವನು ಕೇಳಿ ಮುಗಿಸಿ ತೊಡೆ ತಟ್ಟಿದ. "ಅಯ್ಯೋ ಅಕ್ಕಾ, ಇದಕ್ಕೆ ಇಷ್ಟು ಬೆವರೋದಾ? ಅದಲು ಬದಲು ಮಾಡಿಸಿ. ಕನ್ನಡಕದವರಿಗೆ ಇಪ್ಪತ್ತೆಂಟು, ನರ್ಸಮ್ಮಂಗೆ ಮೂವತ್ತಮೂರು. ಕನ್ನಡಕದವರು ಕುಣಿದು ಒಪ್ಕೋತಾರೆ. ಆ ಟ್ಯಾಂಕಿನ ಕಡೆ ಈಗ ಏನಿಲ್ಲ ಹೇಳಿ? ಹೊಸ ಆಸ್ಪತ್ರೆ, ಬಸ್ ಸ್ಟಾಪು. ಗೋಡೆ ಒಡೆದು ರಸ್ತೆನೇ ಮಾಡಿದ್ದಾರೆ. ಅಲ್ಲಿನ ಬೆಲೆ ಇಲ್ಲಿಗಿಂತ ಒಂದೂವರೆಪಟ್ಟು."

"ನರ್ಸಮ್ಮಂಗೆ ಏನಂತ ಹೇಳೋದು?"

"ಹೇಳೋದ್ಯಾಕೆ? ಪತ್ರದಲ್ಲಿ ನಂಬರು ತಪ್ಪಾಗಿ ಬಿದ್ದಿತ್ತು, ತಿದ್ದುಪಡಿಗೆ ಒಂದು ಸಹಿ ಬೇಕು ಅನ್ನಿ. ಅವರಿಗೆ ಬೇಕಾಗಿರೋದು ಆ ಮರ ಇರೋ ನೆಲ ತಾನೇ? ಅದು ಸಿಕ್ಕೇ ಸಿಗುತ್ತೆ. ಮೇಸ್ತ್ರಿ ನಾಳೆ ಅಗೀತಾನೆ. ಎಲ್ಲರೂ ಆರಾಮ. ನೀವೂ ಆರಾಮ."

ಎಲ್ಲರೂ ಆರಾಮ ಎಂಬ ಮಾತು ಅವಳ ತಲೆಯಲ್ಲಿ ನೊಣದಂತೆ ಸುತ್ತತೊಡಗಿತು. ಸೂಟ್‌ಕೇಸ್ ಮಾತು ಮುಗಿಸಿ ಸುಮ್ಮನಾಗಲಿಲ್ಲ. ತಮ್ಮನ ಕಂಪ್ಯೂಟರಿನಲ್ಲೇ ಕೂತು ಒಪ್ಪಿಗೆ ಪತ್ರ ಟೈಪು ಮಾಡಿಕೊಟ್ಟ. ಅವನಿಗೆ ಇದರಲ್ಲಿ ಒಂದು ಕಾಸೂ ಬರುತ್ತಿರಲಿಲ್ಲ. ಕಷ್ಟದಲ್ಲಿರುವ ಅಕ್ಕನಿಗೆ ಅವನಿಗೆ ಗೊತ್ತಿದ್ದ ಉಪಕಾರ ಅಷ್ಟೇ.

ಹನ್ನೊಂದಕ್ಕೆ ಅವಳು ಕನ್ನಡಕದಂಗಡಿಗೆ ಹೋದಳು. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಪಟ್ಟಿ. ಯಜಮಾನರಿಂದ ಅವಳು ಏನನ್ನೂ ಮುಚ್ಚಿಡಲಿಲ್ಲ. ಮಾರುವವನಿಗೆ ತನ್ನ ನೆಲ ಯಾವುದೆಂದು ಗೊತ್ತಿರಲೇಬೇಕಲ್ಲ. ಅವರು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ ನಕ್ಕರು.

"ಕೊನೇ ಸಾಲು ಓದಿ ನೋಡೋಣ."

ಅವಳು ಅಭ್ಯಾಸಬಲದಿಂದ ಗೋಡೆ ನೋಡಿ ತಪ್ಪಿಲ್ಲದೆ ಓದಿದಳು.

"ಕಣ್ಣು ಚೆನ್ನಾಗಿದೆ. ಹಾಗಾದ್ರೆ ಅಳತೆಗೂ ನಿಮಗೂ ಆಗಬರಲ್ಲ." ಆಮೇಲೆ ಅವಳ ಕನ್ನಡಕವನ್ನೇ ಕೇಳಿ ತೆಗೆದುಕೊಂಡು, ಸಡಿಲವಾಗಿ ನೇತಾಡುತ್ತಿದ್ದ ಕಡ್ಡಿಯ ತಿರುಪನ್ನು ಬಿಗಿ ಮಾಡಿ, ಗಾಜು ಒರೆಸಿ ಕೊಟ್ಟರು. "ಬಸ್ ಸ್ಟಾಪಿನ ಹತ್ರದ್ದು ಸಿಗುತ್ತೆ ಅಂದ್ರೆ ನಾನ್ಯಾಕಮ್ಮಾ ಬೇಡ ಅನ್ಲಿ? ಸಹಿ ಎಲ್ಲಿ ಹಾಕ್ಬೇಕು? ಆದ್ರೆ ಆಯಮ್ಮ ಒಪ್ಪಿದ್ದಾರಾ?"

"ಒಪ್ತಾರೆ," ಎಂದಳು ಸೈಟಕ್ಕ. ಒರೆಸಿದ ಗಾಜಿನಲ್ಲಿ ಎಲ್ಲವೂ ಬೇಡವೆನ್ನುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್ ತಲುಪುವ ತನಕ ಅವಳು ಮಾತನ್ನು ಬಾಯಿಪಾಠ ಮಾಡಿದಳು. ನಂಬರು ತಪ್ಪಾಗಿ ಬಿದ್ದಿತ್ತು, ತಿದ್ದುಪಡಿ, ಒಂದು ಸಹಿ. ಮೆಟ್ಟಿಲ ಮೇಲೆ ನಿಂತು ಇನ್ನೊಮ್ಮೆ. ಸುಳ್ಳು ಚಿಕ್ಕದು, ಬೆರಳ ತುದಿಯಷ್ಟು. ಅದರಿಂದ ಯಾರಿಗೆ ನಷ್ಟ? ನರ್ಸಮ್ಮನಿಗೆ. ತನ್ನ ಹೆಸರಿನಲ್ಲಿ ಹೆಚ್ಚಿನ ಬೆಲೆಯ ನೆಲವಿದೆಯೆಂದು ಅವಳಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗದಿದ್ದರೆ ಅದು ನಷ್ಟವೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಅವಳು ಒಂದೇ ಮೆಟ್ಟಿಲನ್ನು ಎರಡು ಸಲ ಹತ್ತಿದಳು.

ಬಾಗಿಲು ತೆರೆದೇ ಇತ್ತು. ಒಳಗೆ ರಟ್ಟಿನ ಪೆಟ್ಟಿಗೆಗಳು. ಪ್ರತಿಯೊಂದರ ಮೇಲೂ ಔಷಧಿ ಚೀಟಿಯಂತೆ ಅಂಟಿಸಿದ ಹೆಸರು. ಅಡುಗೆ, ಹಾಸಿಗೆ, ಪುಸ್ತಕ, ಬೇಕೋ ಬೇಡವೋ.

"ಬನ್ನಿ ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ," ನರ್ಸಮ್ಮ ಸೊಂಟಕ್ಕೆ ಕೈ ಕೊಟ್ಟು ಎದ್ದಳು. ಕುಡಿಯಲು ನೀರು ಕೊಟ್ಟು, ಟೇಬಲ್ಲಿನ ಮೇಲೆ ಮನೆಯ ನಕ್ಷೆ ಬಿಡಿಸಿದಳು. "ನೋಡಿ, ಅಡುಗೆಮನೆ ಕಿಟಕಿ ಮರದ ಕಡೆ. ಇದು ಮಲಗೋ ಕೋಣೆ. ಇದೇನು ಹೇಳಿ ನೋಡೋಣ?"

ರಸ್ತೆಯ ಬದಿಯ ಗೋಡೆಗೆ ಅಂಟಿದಂತೆ ಪೆನ್ಸಿಲಿನಲ್ಲಿ ಒಂದು ಉದ್ದನೆಯ ಚೌಕ ಇತ್ತು.

"ಗೊತ್ತಾಗ್ಲಿಲ್ಲ."

"ನಿಮ್ಮ ಬೆಂಚು. ಮೇಸ್ತ್ರಿ ಬೇಡ ಅಂದ, ಜಾಗ ದಂಡ ಅಂದ. ನಾನು ಬಿಡ್ಲಿಲ್ಲ. ಇಡೀ ದಿನ ಬಿಸಿಲಲ್ಲಿ ಹೆಜ್ಜೆ ಎಣಿಸ್ಕೊಂಡು ತಿರುಗ್ತೀರಿ. ಹೊರಗಿಂದಾನೇ ಬಂದು ಕೂತ್ಕೊಳ್ಳಿ, ನನ್ನ ಕರೀಲೂ ಬೇಡಿ. ಮೊಣಕಾಲಿನ ಕಷ್ಟ ನನಗೆ ಗೊತ್ತಿಲ್ವಾ?"

ಸೈಟಕ್ಕ ನೀರಿನ ಲೋಟ ಕೆಳಗಿಟ್ಟಳು. ಬಾಯಿಪಾಠ ಮಾಡಿದ್ದ ಮಾತಿನಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಪತ್ರವನ್ನು ಚೀಲದಿಂದ ತೆಗೆದು ಬೋರಲಾಗಿ ಟೇಬಲ್ಲಿನ ಮೇಲಿಟ್ಟು, "ನಾನು ತಪ್ಪು ನೆಲ ತೋರಿಸಿದೆ ನರ್ಸಮ್ಮಾ," ಎಂದಳು. ಉಳಿದದ್ದೆಲ್ಲ ಒಂದೇ ಉಸಿರಿಗೆ ಬಂತು: ಗೇಟು, ಎಣಿಕೆ, ಮರ ಇರುವ ನೆಲ ಯಾರದು, ಟ್ಯಾಂಕಿನ ಕಡೆಯ ಬೆಲೆ, ಹೇಳಬೇಕೆಂದು ಬಂದಿದ್ದ ಸುಳ್ಳು ಕೂಡ.

ನರ್ಸಮ್ಮ ನಕ್ಷೆಯನ್ನು ಸುರುಳಿ ಸುತ್ತಿದಳು. ರಬ್ಬರ್ ಬ್ಯಾಂಡ್ ಹಾಕುವಾಗ ಅದು ಚಟ್ಟನೆ ಹರಿಯಿತು.

"ಏಳು ವರ್ಷ," ಎಂದಳು. "ಏಳು ವರ್ಷ ಕಂಡವರ ನೆಲಕ್ಕೆ ನೀರು ಹೊತ್ತೆ. ಬಸ್ಸಿನಲ್ಲಿ ಸೀಟಿಲ್ಲದೆ ಬಾಟಲಿ ಹಿಡ್ಕೊಂಡು ನಿಂತು. ನಿಮ್ಮನ್ನ ನಂಬಿ ನಾನು ಟೇಪು ಕೂಡ ಹಿಡೀಲಿಲ್ಲ."

"ಬೈರಿ. ಬೈಸ್ಕೊಳ್ಳೋಕೇ ಬಂದಿದ್ದೀನಿ."

"ಬೈಸ್ಕೊಳ್ಳೋಕೆ ಬಂದಿಲ್ಲ ನೀವು, ಸಹಿ ಹಾಕಿಸ್ಕೊಳ್ಳೋಕೆ ಬಂದ್ರಿ." ನರ್ಸಮ್ಮ ಹರಿದ ರಬ್ಬರ್ ಬ್ಯಾಂಡನ್ನು ಬದಿಗೆ ಎಸೆದಳು. "ವಾರ್ಡಿನಲ್ಲಿ ನಾನೂ ಒಂದು ಸಲ ತಪ್ಪು ಮಾತ್ರೆ ಕೊಟ್ಟಿದ್ದೆ. ಕೆಲಸಕ್ಕೆ ಸೇರಿದ ಹೊಸದು. ನಮ್ಮ ಹೆಡ್ ಸಿಸ್ಟರ್ ಏನಂದ್ರು ಗೊತ್ತಾ? ಮೊದಲು ಚಾರ್ಟಿನಲ್ಲಿ ಬರಿ, ಆಮೇಲೆ ಡಾಕ್ಟರಿಗೆ ಹೇಳು, ಆಮೇಲೆ ಹೋಗಿ ಅಳು. ಅದೇ ಕ್ರಮ. ರೋಗಿ ಬದುಕಿದ್ದು ಆ ಕ್ರಮದಿಂದ." ಪೆಟ್ಟಿಗೆಯೊಂದರಿಂದ ಪೆನ್ನು ತೆಗೆದು ಬೋರಲಾಗಿದ್ದ ಪತ್ರದ ಬಿಳಿ ಬದಿಯ ಮೇಲಿಟ್ಟಳು. "ಬರೀರಿ. ಯಾವ ದಿನ, ಯಾವ ಗೇಟು, ಇನ್ನೂ ಯಾರ್ಯಾರದ್ದು ಹೀಗಾಗಿದೆ. ಎಲ್ಲ."

ಸೈಟಕ್ಕ ಬರೆದಳು. ಏಳು ಹೆಸರು. ಶಾಲೆಯಲ್ಲಿ ತಪ್ಪು ಲೆಕ್ಕವನ್ನು ಮತ್ತೆ ಮಾಡಲು ಕೂರಿಸಿದ ಹುಡುಗಿಯಂತೆ ತಲೆ ಎತ್ತದೆ ಬರೆದಳು. ನರ್ಸಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡೀರಿ. ನನ್ನ ನೆಲ ಎಲ್ಲಿದೆ ತೋರಿಸಿ. ಈ ಸಲ ಟೇಪು ತಗೊಳ್ಳಿ."

ಟ್ಯಾಂಕಿನ ಕಡೆ ಇಪ್ಪತ್ತೆಂಟರಲ್ಲಿ ಹುಲ್ಲು, ಒಡೆದ ಇಟ್ಟಿಗೆ ಬಿಟ್ಟರೆ ಏನೂ ಇರಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ಅಳತೆಯವರು ಆಗಲೇ ಕಲ್ಲು ನೆಟ್ಟಿದ್ದರು. ನರ್ಸಮ್ಮ ಆ ಕಲ್ಲಿನ ಮೇಲೆ ಕೂತು ಸುತ್ತ ನೋಡಿದಳು. ಬಸ್ಸೊಂದು ಬಂದು ನಿಂತು, ಇಬ್ಬರನ್ನು ಇಳಿಸಿ ಹೋಯಿತು. ಹೊಸ ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಸ್ಟ್ರೆಚರ್ ತಳ್ಳುತ್ತಿದ್ದರು. ಅದು ಒಳಗೆ ಹೋಗುವ ತನಕ ಅವಳ ಕಣ್ಣು ಹಿಂಬಾಲಿಸಿತು.

"ಅದಲು ಬದಲಿಗೆ ಕನ್ನಡಕದವರು ಒಪ್ಪಿದ್ದಾರೆ," ಸೈಟಕ್ಕ ಮೆಲ್ಲಗೆ ಹೇಳಿದಳು. "ಬೆಲೆಯ ವ್ಯತ್ಯಾಸ ಅವರೇ ಕೊಡೋ ಹಾಗೆ ನಾನು ಮಾತಾಡ್ತೀನಿ. ಮರ ನಿಮಗೇ ಉಳಿಯುತ್ತೆ. ಬೆಂಚು..."

"ಬೇಡ."

"ನರ್ಸಮ್ಮಾ?"

"ಇದೇ ಇರ್ಲಿ. ನನ್ನ ಹೆಸರಲ್ಲಿರೋದು ಇದು. ಬಸ್ಸು ಹತ್ರ, ಆಸ್ಪತ್ರೆ ಹತ್ರ. ಇನ್ನು ಐದು ವರ್ಷಕ್ಕೆ ಈ ಮೊಣಕಾಲು ಏನನ್ನುತ್ತೋ. ಮರದ ಆಸೆಗೆ ನಾನು ದಿನಾ ಅಷ್ಟು ದೂರ ಕುಂಟ್ಲಾ?" ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಇನ್ನೇನೋ. "ಕೇಳಿದ್ದಕ್ಕೆ ಹೇಳ್ತಿದ್ದೀನಿ. ಕೇಳದೆ ಸಹಿ ಹಾಕಿಸ್ಕೊಂಡಿದ್ರೆ ಆ ಮರದ ಕೆಳಗೆ ದಡ್ಡಿ ಥರ ಖುಷಿಯಾಗಿ ಕೂತಿರ್ತಿದ್ದೆ."

ಬೆಳಗಿನಿಂದ ಓಡಾಡಿ ಕೂಡಿಸಿದ ಪರಿಹಾರ ಸೈಟಕ್ಕನ ಕೈಯಲ್ಲೇ ಕರಗಿತು. ಮೇಸ್ತ್ರಿಗೆ ಫೋನು ಮಾಡಿ ನಾಳೆ ಟ್ಯಾಂಕಿನ ಕಡೆಗೆ ಬರಬೇಕೆಂದು ಹೇಳಿದ್ದೂ ನರ್ಸಮ್ಮನೇ. ಹಾಗಾದರೆ ಮರ? ನಾಲ್ಕಕ್ಕೆ ಬರುವವರು ಯಾರೋ, ಎಂಥವರೋ.

ನಾಲ್ಕಕ್ಕೆ ಸರಿಯಾಗಿ ಸ್ಕೂಟರೊಂದು ಮರದ ಕೆಳಗೆ ನಿಂತಿತು. ತಕ್ಕಡಿ ರಿಪೇರಿ ಮಾಡುವವನು, ಹಿಂದೆ ಅವನ ಹೆಂಡತಿ. ಶಾಲೆಯ ವ್ಯಾನಿನವನು ಜಾಗ ಬಿಟ್ಟು ಪಕ್ಕಕ್ಕೆ ಸರಿದ. ತಕ್ಕಡಿಯವನು ಎಲ್ಲವನ್ನೂ ತೂಗುವವನಂತೆ ತಲೆ ಓರೆ ಮಾಡಿ ನೋಡಿದ.

"ನಿಮ್ಮ ಹೆಜ್ಜೆ ಬಗ್ಗೆ ಕೇಳಿದ್ದೀವಿ. ಹಾಕಿ ತೋರ್ಸಿ ಮತ್ತೆ."

ಸೈಟಕ್ಕನ ಕಾಲು ತಾನಾಗಿಯೇ ಮುಂದೆ ಬಂತು. ಅವಳು ಅದನ್ನು ಹಿಂದೆಗೆದುಕೊಂಡಳು. "ಹೆಜ್ಜೆ ಬೇಡ. ಟೇಪಿದೆ," ಎಂದಳು. "ಮೊದಲು ಒಂದು ಮಾತು. ಈ ಸೈಟನ್ನ ಏಳು ವರ್ಷದ ಹಿಂದೆ ನಾನು ಬೇರೆಯವರಿಗೆ ತಪ್ಪಾಗಿ ತೋರಿಸಿದ್ದೆ. ಈ ಮರ ಅವರು ಬೆಳೆಸಿದ್ದು. ಕಾಗದಪತ್ರದಲ್ಲಿ ತೊಂದರೆ ಏನಿಲ್ಲ. ತಪ್ಪು ನನ್ನದು."

ತರಕಾರಿ ಗಾಡಿಯವಳು ಬೀನ್ಸ್ ತೂಗುವುದನ್ನು ನಿಲ್ಲಿಸಿದಳು. ವ್ಯಾನಿನವನು ಕಿಟಕಿಯಿಂದ ತಲೆ ಹಾಕಿದ. ಇನ್ನರ್ಧ ಗಂಟೆಗೆ ಊರೆಲ್ಲ ಸುದ್ದಿ.

"ಮರ ತೆಗೀಬಹುದಲ್ವಾ?" ತಕ್ಕಡಿಯವನು ಕೇಳಿದ. "ಮೂರು ಅಂತಸ್ತು ಕಟ್ಟಿ ಎರಡು ಬಾಡಿಗೆಗೆ ಕೊಡೋಣ ಅಂತ."

"ನಿಮ್ಮ ನೆಲ, ನಿಮ್ಮಿಷ್ಟ," ಎಂದ ದನಿ ಹಿಂದಿನಿಂದ ಬಂತು. ನರ್ಸಮ್ಮ. ಕೈಯಲ್ಲೊಂದು ಚೀಲ. ಅವಳು ಸೈಟಕ್ಕನ ಕಡೆ ತಿರುಗಿಯೂ ನೋಡದೆ ನೇರವಾಗಿ ಆ ಹೆಂಗಸಿನ ಎದುರು ನಿಂತಳು. ಬೆನ್ನು ನೆಟ್ಟಗಾಯಿತು. ಮೂವತ್ತಾರು ವರ್ಷ, ಪಾಳಿ ಬದಲಾಗುವ ಪ್ರತಿ ಹೊತ್ತಿನಲ್ಲೂ ಮುಂದಿನ ನರ್ಸಿಗೆ ಹೇಳಿದ ದನಿಯಲ್ಲಿ ಹೇಳತೊಡಗಿದಳು.

"ವಯಸ್ಸು ಏಳು. ಎರಡನೇ ವರ್ಷ ಗೆದ್ದಲು ಹಿಡಿದಿತ್ತು, ವಾಸಿಯಾಗಿದೆ. ಈ ಕಡೆ ಕೊಂಬೆ ಗಾಳಿಗೆ ಸೀಳಿತ್ತು, ಕಟ್ಟು ಹಾಕಿದ್ದೆ, ಗುರುತು ನೋಡಿ, ಇಲ್ಲಿ. ಬೇರು ರಸ್ತೆ ಕಡೆ ಹೋಗಿದೆ, ಮನೆ ಕಡೆ ಅಲ್ಲ. ವರ್ಷಕ್ಕೆರಡು ಸಲ ಎಲೆ ಪೂರ್ತಿ ಕೆಂಪಾಗಿ ಉದುರುತ್ತೆ. ಹೆದರಬೇಡಿ, ಕಾಯಿಲೆ ಅಲ್ಲ. ಈಗ ನೀರು ಬೇಕಿಲ್ಲ. ಬೇಸಿಗೆ ತೀರಾ ಜಾಸ್ತಿಯಾದ್ರೆ ಮಾತ್ರ ಇದು." ಚೀಲದಿಂದ ಎರಡು ಸಲೈನ್ ಬಾಟಲಿ ತೆಗೆದು ಆ ಹೆಂಗಸಿನ ಕೈಗಿತ್ತಳು. "ಇಷ್ಟೇ. ಇನ್ನು ನಿಮ್ಮ ಡ್ಯೂಟಿ."

ಹೆಂಗಸು ಬಾಟಲಿಗಳನ್ನು ಮಗುವನ್ನು ಹಿಡಿಯುವಂತೆ ಎದೆಗವಚಿ ಹಿಡಿದಳು. ಗಂಡನ ಮುಖ ನೋಡಿದಳು. ಅವನು ಮೇಲೆ ನೋಡಿದ. "ಎರಡೇ ಅಂತಸ್ತಾದ್ರೆ..." ಎಂದು ಗೊಣಗಿ, "ನೋಡೋಣ," ಎಂದ. ಒಪ್ಪಿದನೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ನಾಳೆ ಹೇಳುತ್ತೇವೆಂದು ಸ್ಕೂಟರು ಹೊರಟಿತು. ಹಿಂದೆ ಕೂತವಳ ಕೈಯಲ್ಲಿ ಬಾಟಲಿಗಳು ಹಾಗೇ ಇದ್ದವು.

ಅಳತೆಯವರು ಬಂದು ಮರದ ಬುಡದಲ್ಲಿ ಮೂವತ್ತಮೂರರ ಕಲ್ಲು ನೆಟ್ಟರು. ತರಕಾರಿಯವಳು ಯಾರಿಗೋ ಫೋನಿನಲ್ಲಿ, "ಹೂಂ ಕಣೇ, ಅವಳೇ ಬಾಯಿಬಿಟ್ಟು ಹೇಳಿದ್ಲು," ಎನ್ನುತ್ತಿದ್ದಳು. ಸೈಟಕ್ಕ ಏಳು ಹೆಸರಿನ ಹಾಳೆ ಬಿಡಿಸಿದಳು. ಮೊದಲ ಹೆಸರು ನರ್ಸಮ್ಮನದು, ಅದು ತೀರಿತು. ಎರಡನೆಯದು ನಾಲ್ಕನೇ ಸಾಲಿನದ್ದು. ಬೆಳಕು ಇನ್ನೂ ಒಂದು ಗಂಟೆ ಇರುತ್ತದೆ. ಇವತ್ತೇ ಅಳೆದುಕೊಂಡರೆ ನಾಳೆ ಅವರ ಮನೆಗೆ ಹೋಗಿ ಸರಿಯಾದ ಮಾತು ಹೇಳಬಹುದು. ಅವಳು ಆ ಸಾಲಿಗೆ ನಡೆದು, ಟೇಪಿನ ತುದಿಯ ಕೊಕ್ಕೆಯನ್ನು ಟ್ಯಾಂಕಿನ ಕಡೆ ಹೊಸದಾಗಿ ನೆಟ್ಟಿದ್ದ ಮೂಲೆಯ ಕಲ್ಲಿಗೆ ಸಿಕ್ಕಿಸಿ ಎಳೆದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕೊಕ್ಕೆ ಕಳಚಿ ಟೇಪು ಸರ್ರನೆ ವಾಪಸು ಬಂತು. ಮತ್ತೆ ಸಿಕ್ಕಿಸಿದಳು. ಮತ್ತೆ ಕಳಚಿತು.

ಮೂರನೆಯ ಸಲ ಟೇಪು ಕಳಚಲಿಲ್ಲ. ತಿರುಗಿ ನೋಡಿದರೆ ನರ್ಸಮ್ಮ ಕಲ್ಲಿನ ಬಳಿ ಕಷ್ಟಪಟ್ಟು ಬಾಗಿ, ತುದಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಿದ್ದಳು.

"ನರ್ಸಮ್ಮಾ..."

"ನಿಮ್ಮ ಜೊತೆ ಮಾತು ಬಿಟ್ಟಿದ್ದೀನಿ," ಎಂದಳು ನರ್ಸಮ್ಮ ಅವಳ ಕಡೆ ನೋಡದೆ. "ಟೇಪು ಎಳೀರಿ. ಹಳೇ ಗೇಟಿನ ಕಡೆಯಿಂದ."